ಟ್ರೇಲರಿನ ಬ್ರೇಕು, ಬೇರಿಂಗು ಮತ್ತು ಮೂರು ಆಂಪಿಯರಿನ ಲೆಕ್ಕ

ಅಮೆರಿಕದ ಕೊಲರಾಡೊದಲ್ಲಿ ನನಗೆ ಪರಿಚಯವಿರುವ ಕನ್ನಡದವರಲ್ಲಿ ಕೆಲವರು ಟ್ರಾವೆಲ್ ಟ್ರೇಲರ್ (ಎಳೆದೊಯ್ಯುವ ಚಕ್ರದ ಮನೆ) ಇಟ್ಟುಕೊಂಡಿದ್ದಾರೆ. ಬೇಸಿಗೆ ಬಂದರೆ ಸಾಕು, ಪಿಕಪ್ಪಿನ ಹಿಂದೆ ಅದನ್ನು ಸಿಕ್ಕಿಸಿಕೊಂಡು ಬೆಟ್ಟಗಳ ಕಡೆಗೆ ಹೊರಟುಬಿಡುತ್ತಾರೆ. ಅವರಲ್ಲಿ ಯಾರಾದರೂ ಫೋನ್ ಮಾಡಿ, ಟ್ರೇಲರಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಡ್ರಮ್ಮಿಗೆ ಒತ್ತಿ ಚಕ್ರವನ್ನು ಹಿಡಿಯುವ ಶೂ ಬದಲಾಯಿಸಬೇಕೇನೋ ಎಂದಾಗ ನಾನು ಮೊದಲು ಕೇಳುವುದು ಬ್ರೇಕಿಗೆ ಚಾಲನೆ ಕೊಡುವ ಮ್ಯಾಗ್ನೆಟ್ಟಿಗೆ ಎಷ್ಟು ಆಂಪಿಯರ್ ಕರೆಂಟ್ ಹೋಗುತ್ತಿದೆ ಎಂದು. ಸಾಮಾನ್ಯವಾಗಿ ಅದನ್ನು ಯಾರೂ ಅಳೆದಿರುವುದಿಲ್ಲ. ಅಳೆದ ಮೇಲೆ ಎಷ್ಟೋ ಸಲ ಶೂ ಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಬೇರಿಂಗಿನ ವಿಚಾರವನ್ನೂ ಇದರ ಜೊತೆಗೇ ಬರೆಯುತ್ತಿದ್ದೇನೆ, ಏಕೆಂದರೆ ಟ್ರೇಲರಿನ ಚಕ್ರ ಕೂರುವ ಹಬ್ಬೂ (hub) ಬ್ರೇಕ್ ಡ್ರಮ್ಮೂ ಒಂದೇ ಎರಕದ ತುಂಡು. ಬೇರಿಂಗ್ ನೋಡಲು ಬಿಚ್ಚಿದರೆ ಬ್ರೇಕ್ ಎದುರಿಗೆ ಬರುತ್ತದೆ, ಬೇರಿಂಗಿನ ಗ್ರೀಸ್ ದಾರಿ ತಪ್ಪಿದರೆ ಬ್ರೇಕ್ ಹಾಳಾಗುತ್ತದೆ.

ನಾನು ಹೇಳುತ್ತಿರುವುದು ಇಲ್ಲಿ ತೀರ ಸಾಮಾನ್ಯವಾದ ಒಂದು ಜೋಡಣೆಯ ಬಗ್ಗೆ: ಒಂದೊಂದೂ 3,500 ಪೌಂಡ್, ಎಂದರೆ ಸುಮಾರು 1,590 ಕಿಲೋ ತಡೆಯುವ ಎರಡು ಆಕ್ಸಲ್ (ಅಚ್ಚು), ಲೀಫ್ ಸ್ಪ್ರಿಂಗ್, ನಾಲ್ಕು ಚಕ್ರಕ್ಕೂ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಇಲ್ಲಿನ ಹಲವು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ನಿಯಮ ಇನ್ನೂ ಬಿಗಿ: 750 ಕಿಲೋ ದಾಟಿದರೆ ಬ್ರೇಕ್ ಇರಲೇಬೇಕು, 2,000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬೇಕು. ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಅವುಗಳಲ್ಲಿ ಒಂದಕ್ಕೂ ಸ್ವಂತ ಬ್ರೇಕ್ ಇಲ್ಲದೆ ಕಾರ್ಖಾನೆಗೆ ಸಾಗಿಸುವುದನ್ನು ನೋಡಿ ಬೆಳೆದ ನನಗೆ ಮೊದಲು ಇದೆಲ್ಲ ಅತಿಯಾಯಿತು ಎನಿಸಿದ್ದುಂಟು. ಇಲ್ಲಿನ ಇಳಿಜಾರುಗಳ ಲೆಕ್ಕ ಹಾಕಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಡೆನ್ವರಿನ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ; ಡೆನ್ವರ್ ಇರುವುದು 1,600 ಮೀಟರಿನಲ್ಲಿ. ಸಾಮಾನು ತುಂಬಿದ 2,700 ಕಿಲೋ ತೂಕದ ಟ್ರೇಲರ್ ಅಲ್ಲಿಂದ ಇಲ್ಲಿಗೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 13 ಯೂನಿಟ್ ವಿದ್ಯುತ್ತಿಗೆ ಸಮ. ಗಾಳಿಯ ತಡೆ ಒಂದಷ್ಟನ್ನು ನುಂಗುತ್ತದೆ, ಕೆಳಗಿನ ಗೇರಿನಲ್ಲಿಟ್ಟ ಎಂಜಿನ್ ಮತ್ತೊಂದಷ್ಟನ್ನು ತಡೆಯುತ್ತದೆ, ಉಳಿದದ್ದೆಲ್ಲ ಡ್ರಮ್ಮು ಡಿಸ್ಕುಗಳಲ್ಲಿ ಬಿಸಿಯಾಗಿ ಹೋಗಬೇಕು. ಟ್ರೇಲರಿನ ನಾಲ್ಕು ಡ್ರಮ್ಮುಗಳು ತಮ್ಮ ಪಾಲಿನ ಕೆಲಸ ಮಾಡದಿದ್ದರೆ ಆ ಪಾಲೂ ಪಿಕಪ್ಪಿನ ಬ್ರೇಕಿನ ಮೇಲೆಯೇ ಬೀಳುತ್ತದೆ.

ಎಲೆಕ್ಟ್ರಿಕ್ ಬ್ರೇಕ್ ಎಂದಾಗ ವಿದ್ಯುತ್ತೇ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಒಂದೊಂದು ಚಕ್ರಕ್ಕೆ ಹೋಗುವ ಮೂರು ಆಂಪಿಯರ್ ಕರೆಂಟಿಗೆ ಅಷ್ಟು ಬಲವಿಲ್ಲ. ಚಕ್ರದ ಹಿಂದೆ ತಿರುಗದೆ ನಿಂತಿರುವ ಬ್ಯಾಕಿಂಗ್ ಪ್ಲೇಟಿನ ಮೇಲೆ ಒಂದು ಲಿವರ್ ಇದ್ದು, ಅದರ ಕೆಳತುದಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ವಿದ್ಯುತ್ಕಾಂತ ಕುಳಿತಿರುತ್ತದೆ. ಡ್ರಮ್ಮಿನ ಒಳಗೆ, ಅದರ ಎದುರಿಗೆ, ನುಣ್ಣಗೆ ಕಡೆದ ಚಪ್ಪಟೆ ಮುಖವೊಂದು ಚಕ್ರದ ಜೊತೆ ತಿರುಗುತ್ತಿರುತ್ತದೆ. ಕರೆಂಟ್ ಹರಿದಾಗ ಮ್ಯಾಗ್ನೆಟ್ ಆ ಮುಖಕ್ಕೆ ಅಂಟಿಕೊಳ್ಳುತ್ತದೆ, ತಿರುಗುವ ಡ್ರಮ್ ಅದನ್ನು ತನ್ನ ಜೊತೆಗೆ ಎಳೆಯುತ್ತದೆ, ಹಾಗೆ ಎಳೆದಾಗ ಲಿವರಿನ ಮೇಲ್ತುದಿ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಮುಂದಿನ ಶೂ ತಾನೂ ತಿರುಗುವ ದಿಕ್ಕಿಗೆ ಜಾರಲು ನೋಡಿ, ಕೆಳಗಿನ ಅಡ್ಜಸ್ಟರಿನ ಮೂಲಕ ಹಿಂದಿನ ಶೂವನ್ನು ಇನ್ನಷ್ಟು ಬಲವಾಗಿ ದಬ್ಬುತ್ತದೆ. ಹಿಂದಿನ ಶೂವಿನ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ಮುಂದಿನದಕ್ಕಿಂತ ಉದ್ದವಾಗಿರುವುದು ಹೆಚ್ಚಿನ ಕೆಲಸ ಅದರದೇ ಆಗಿರುವುದರಿಂದ. ಚಕ್ರವನ್ನು ನಿಲ್ಲಿಸುವ ಬಲವನ್ನು ಹೀಗೆ ಚಕ್ರವೇ ಒದಗಿಸುತ್ತದೆ. ವಿದ್ಯುತ್ತು ಅದಕ್ಕೆ ಚಾಲನೆ ಕೊಡುತ್ತದೆ ಅಷ್ಟೆ.

ಇದರಿಂದ ಕೆಲವು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಗಾಡಿ ನಿಂತಿರುವಾಗ ಬ್ರೇಕ್ ಒತ್ತಿ ಕಿವಿಗೊಟ್ಟರೆ ಚಕ್ರದ ಬಳಿ ಸಣ್ಣ ಗುಂಯ್‌ಗುಡುವ ಸದ್ದು ಕೇಳಬಹುದು, ಆದರೆ ಆಗ ಶೂ ಡ್ರಮ್ಮನ್ನು ಬಿಗಿಯಾಗಿ ಹಿಡಿದಿರುವುದಿಲ್ಲ, ಏಕೆಂದರೆ ಲಿವರನ್ನು ಎಳೆಯಲು ಯಾವ ತಿರುಗಾಟವೂ ಇಲ್ಲ. ಹಿಂದಕ್ಕೆ ಚಲಿಸುವಾಗ ಹಿಡಿತ ಕಡಿಮೆ. ಎಡದ ಜೋಡಣೆಯನ್ನು ಬಲಕ್ಕೆ ಹಾಕಿದರೆ ಮುಂದಕ್ಕೆ ಹೋಗುವಾಗಲೂ ಹಿಡಿತ ಅರೆಬರೆಯಾಗುತ್ತದೆ, ಆದ್ದರಿಂದ ಹೊಸದನ್ನು ಹಾಕುವಾಗ ಚಿಕ್ಕ ಲೈನಿಂಗಿನ ಶೂ ಗಾಡಿಯ ಮುಂಭಾಗಕ್ಕೆ ಇರುವುದನ್ನು ನೋಡಿಕೊಳ್ಳಬೇಕು.

ಈಗ ಮೂರು ಆಂಪಿಯರಿನ ಲೆಕ್ಕಕ್ಕೆ ಬರೋಣ. 10 ಮತ್ತು 12 ಇಂಚಿನ ಬ್ರೇಕಿನ ಮ್ಯಾಗ್ನೆಟ್ ಸುರುಳಿಯ ರೋಧ ಸುಮಾರು 3.2 ಓಮ್. ನಾಲ್ಕು ಮ್ಯಾಗ್ನೆಟ್ಟುಗಳೂ ಪ್ಯಾರಲಲ್ಲಾಗಿ ಇರುವುದರಿಂದ ಒಟ್ಟು ರೋಧ 0.8 ಓಮ್ ಆಗುತ್ತದೆ. ವೈರುಗಳಿಗೆ ರೋಧವೇ ಇಲ್ಲದಿದ್ದರೆ 12 ವೋಲ್ಟಿಗೆ 15 ಆಂಪಿಯರ್ ಹರಿಯಬೇಕಿತ್ತು. ಆದರೆ ಪಿಕಪ್ಪಿನ ಮುಂಭಾಗದಿಂದ ಟ್ರೇಲರಿನ ಚಕ್ರದವರೆಗೆ ಹೋಗಿ ಮರಳಿ ಬರುವ ವೈರು ಮತ್ತು ಕೂಡುಗಳಲ್ಲಿ 0.2 ಓಮಿನಷ್ಟು ಸೇರಿಕೊಳ್ಳುತ್ತದೆ ಎಂದಿಟ್ಟುಕೊಂಡರೆ ಒಟ್ಟು 1 ಓಮ್, 12 ಆಂಪಿಯರ್. ಆಕ್ಸಲ್ ಮತ್ತು ಬ್ರೇಕ್ ತಯಾರಿಸುವ ಡೆಕ್ಸ್ಟರ್ ಕಂಪನಿಯ ಕೈಪಿಡಿಯಲ್ಲಿ ಈ ಅಳತೆಯ ನಾಲ್ಕು ಬ್ರೇಕಿಗೆ ಕೊಟ್ಟಿರುವ ಅಂಕಿಯೂ ಅದೇ: ಚಕ್ರಕ್ಕೆ 3, ನಾಲ್ಕಕ್ಕೆ 12. ಈಗ ಎಲ್ಲೋ ಒಂದು ಕೂಡು ತುಕ್ಕು ಹಿಡಿದು ಇನ್ನೂ 0.6 ಓಮ್ ಸೇರಿಸಿತು ಎನ್ನಿ. ಒಟ್ಟು ರೋಧ 1.6 ಓಮ್ ಆಗಿ ಕರೆಂಟ್ 7.5 ಆಂಪಿಯರಿಗೆ ಇಳಿಯುತ್ತದೆ, ಮ್ಯಾಗ್ನೆಟ್ಟಿಗೆ ತಲುಪುವುದು 6 ವೋಲ್ಟ್ ಮಾತ್ರ. ಶೂ ಹೊಸದಿರಲಿ ಹಳೆಯದಿರಲಿ, ಗಾಡಿ ನಿಲ್ಲುವುದಿಲ್ಲ.

ಈ 0.6 ಓಮ್ ಸಾಮಾನ್ಯ ಪರೀಕ್ಷೆಗಳಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದೇ ಇದರ ತೊಡಕು. ಮಲ್ಟಿಮೀಟರಿನಲ್ಲಿ ಕಂಟಿನ್ಯುಯಿಟಿ (ವೈರ್ ಎಲ್ಲೂ ತುಂಡಾಗಿಲ್ಲವೇ ಎಂದು) ನೋಡಿದರೆ ಅದು ಬೀಪ್ ಎಂದು ಒಪ್ಪಿಗೆ ಕೊಟ್ಟುಬಿಡುತ್ತದೆ, ಏಕೆಂದರೆ ಕೆಲವು ಓಮ್‌ಗಳ ರೋಧವಿದ್ದರೂ ಅದು ಬೀಪ್ ಎನ್ನುತ್ತದೆ. ಮ್ಯಾಗ್ನೆಟ್ಟಿನ ವೈರನ್ನು ಬಿಡಿಸಿ ವೋಲ್ಟೇಜ್ ನೋಡಿದರೆ ಪೂರ್ತಿ 12 ತೋರಿಸುತ್ತದೆ. ಕರೆಂಟ್ ಹರಿಯದ ವೈರಿನಲ್ಲಿ ವೋಲ್ಟೇಜ್ ಬೀಳುವುದಕ್ಕೆ ಕಾರಣವೇ ಇಲ್ಲ. ಎಲ್ಲ ಸರಿಯಿದೆ ಎಂದು ಮೀಟರ್ ಹೇಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಆಮೇಲೆ ಜನ ಶೂ ಕೊಳ್ಳಲು ಹೋಗುತ್ತಾರೆ. ಲೋಡ್ ಇರುವಾಗ ಅಳೆಯಬೇಕು, ಅದೂ ಕರೆಂಟನ್ನೇ ಅಳೆಯಬೇಕು.

ಅದಕ್ಕೆ ಬೇಕಾದದ್ದು ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್. ಮನೆಯ ವೈರಿಂಗಿಗೆ ಬಳಸುವ ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಹಲವು ಎಸಿಯನ್ನು ಮಾತ್ರ ಓದುತ್ತವೆ, ಕೊಳ್ಳುವ ಮುನ್ನ ನೋಡಿಕೊಳ್ಳಿ. ಟ್ರೇಲರಿನ ಮುಂದಿನ ತ್ರಿಕೋನ ಚೌಕಟ್ಟಿನ ಬಳಿ ಬ್ರೇಕಿಗೆ ಹೋಗುವ ನೀಲಿ ವೈರನ್ನು ಮಾತ್ರ ಮೀಟರಿನ ದವಡೆಯೊಳಗೆ ಹಿಡಿದು, ಇನ್ನೊಬ್ಬರು ಪಿಕಪ್ಪಿನಲ್ಲಿ ಕುಳಿತು ಬ್ರೇಕ್ ಕಂಟ್ರೋಲರಿನ (ಟ್ರೇಲರಿನ ಬ್ರೇಕಿಗೆ ಕರೆಂಟ್ ಕಳಿಸುವ ಸಾಧನ) ಕೈಪಿಡಿಕೆಯನ್ನು ಪೂರ್ತಿ ಒತ್ತಬೇಕು, ಗೇನ್ (ಎಷ್ಟು ಬಲವಾಗಿ ಹಿಡಿಯಬೇಕೆಂಬ ಹೊಂದಿಕೆ) ಅತ್ಯಧಿಕದಲ್ಲಿರಬೇಕು. ಪೂರ್ತಿ ಒತ್ತಬೇಕೆನ್ನುವುದಕ್ಕೆ ಕಾರಣವಿದೆ. ಇಂದಿನ ಕಂಟ್ರೋಲರುಗಳು ವೋಲ್ಟೇಜನ್ನು ಏರಿಸಿ ಇಳಿಸುವ ಬದಲು 12 ವೋಲ್ಟನ್ನೇ ಕ್ಷಣಕ್ಷಣಕ್ಕೂ ಕಡಿದು ಜೋಡಿಸಿ ಕಳಿಸುತ್ತವೆ. ಅರ್ಧ ಒತ್ತಿದಾಗ ಸಾಧಾರಣ ಮೀಟರ್ ತೋರಿಸುವ ಅಂಕಿಯನ್ನು ನಂಬಲಾಗದು. ಪೂರ್ತಿ ಒತ್ತಿದಾಗ ಕಡಿತವಿಲ್ಲದೆ ಹರಿಯುವುದರಿಂದ ಅಳತೆ ಸರಿಯಾಗಿ ಬರುತ್ತದೆ. ಎಂಜಿನ್ ಚಾಲೂ ಇದ್ದರೆ ವೋಲ್ಟೇಜ್ 13ರ ಮೇಲಿದ್ದು ಕರೆಂಟೂ ಸ್ವಲ್ಪ ಹೆಚ್ಚು ತೋರಿಸಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ.

12ರ ಆಸುಪಾಸು ಬಂದರೆ ವೈರಿಂಗನ್ನು ಬಿಟ್ಟು ಯಂತ್ರದ ಕಡೆಗೆ ತಿರುಗಬಹುದು. 9 ಬಂದರೆ ಒಂದು ಚಕ್ರ ಪೂರ್ತಿ ಕಳಚಿಕೊಂಡಿರುವ ಸಂಭವ ಹೆಚ್ಚು. ಆಗ ಪ್ರತಿ ಚಕ್ರದ ಹಿಂದೆ ಮ್ಯಾಗ್ನೆಟ್ಟಿನ ಎರಡು ವೈರುಗಳಲ್ಲಿ ಒಂದನ್ನು ಕ್ಲ್ಯಾಂಪಿನಲ್ಲಿ ಹಿಡಿದು ನೋಡಿದರೆ ಸೊನ್ನೆ ತೋರಿಸುವ ಚಕ್ರ ತಾನೇ ಸಿಗುತ್ತದೆ. ನಾಲ್ಕೂ ಚಕ್ರ ಸಮನಾಗಿ ಕಡಿಮೆ, ಎರಡೆರಡು ಆಂಪಿಯರಿನಂತೆ ತೋರಿಸಿದರೆ ಚಕ್ರಗಳದೇನೂ ತಪ್ಪಿಲ್ಲ; ತೊಂದರೆ ನಾಲ್ಕಕ್ಕೂ ಸಾಮಾನ್ಯವಾದ ದಾರಿಯಲ್ಲಿ, ಎಂದರೆ ಪ್ಲಗ್, ಮುಂದಿನ ಜಂಕ್ಷನ್ ಪೆಟ್ಟಿಗೆ ಅಥವಾ ಅರ್ಥಿಂಗಿನಲ್ಲಿ ಇದೆ. 12ಕ್ಕಿಂತ ಬಹಳ ಹೆಚ್ಚು ಹರಿದರೆ ಅಥವಾ ಕಂಟ್ರೋಲರಿನ ಪರದೆ ಶಾರ್ಟ್ ಎಂದು ತೋರಿಸಿದರೆ ನಾನು ನೇರವಾಗಿ ಆಕ್ಸಲ್ ಕೊಳವೆಯನ್ನು ಸಂಶಯಿಸುತ್ತೇನೆ. ಬಹಳಷ್ಟು ಟ್ರೇಲರುಗಳಲ್ಲಿ ಒಂದು ಬದಿಯ ಚಕ್ರದಿಂದ ಇನ್ನೊಂದು ಬದಿಗೆ ಹೋಗುವ ವೈರನ್ನು ಟೊಳ್ಳಾದ ಆಕ್ಸಲಿನೊಳಗೇ ತೂರಿಸಿರುತ್ತಾರೆ. ರಸ್ತೆಯ ಕುಲುಕಾಟಕ್ಕೆ ಅದು ಒಳಗೊಳಗೇ ಉಕ್ಕಿಗೆ ಉಜ್ಜಿ ಉಜ್ಜಿ, ತೂತಿನ ಅಂಚಿನಲ್ಲಿ ಮೇಲಿನ ಪ್ಲಾಸ್ಟಿಕ್ ಕತ್ತರಿಸಿ, ತಾಮ್ರ ಬರಿದಾಗುತ್ತದೆ. ಹೊರಗಿನಿಂದ ಏನೂ ಕಾಣದು. ಗುಂಡಿ ಹಾರಿದಾಗ ಮಾತ್ರ ಆ ತಾಮ್ರ ಕೊಳವೆಗೆ ತಗಲಿ ಶಾರ್ಟ್ ಆಗುತ್ತದೆ, ಗಾಡಿ ನಿಲ್ಲಿಸಿ ಪರೀಕ್ಷಿಸಿದರೆ ಎಲ್ಲ ಸರಿಯಾಗಿರುತ್ತದೆ. ಆ ಒಳವೈರನ್ನು ರಿಪೇರಿ ಮಾಡುವ ಉಸಾಬರಿಗೇ ಹೋಗದೆ, ಅದನ್ನು ಎರಡೂ ತುದಿಯಲ್ಲಿ ಕತ್ತರಿಸಿ ಕೈಬಿಟ್ಟು, ಹೊಸ ಜೋಡಿ ವೈರನ್ನು ಕೊಳವೆಯ ಹೊರಗೆ ಹಿಂಬದಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆದು ಕಟ್ಟುವುದು ಒಳ್ಳೆಯದು. ನೋಡಲು ಅಷ್ಟು ಅಂದವಾಗಿರುವುದಿಲ್ಲ, ಆದರೆ ಮುಂದೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ.

ವೈರಿನ ದಪ್ಪ ಇಲ್ಲಿ ಮುಖ್ಯ. ಅಮೆರಿಕದ 12 ಗೇಜ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 3.3 ಚದರ ಮಿಲಿಮೀಟರ್, 16 ಗೇಜ್ ಎಂದರೆ 1.3. ಒಂಬತ್ತು ಮೀಟರ್ ಉದ್ದಕ್ಕೆ ಹೋಗಿ ಬರುವ ದಾರಿಯಲ್ಲಿ ಮೊದಲನೆಯದು 0.1 ಓಮ್ ಸೇರಿಸಿದರೆ ಎರಡನೆಯದು 0.24 ಓಮ್ ಸೇರಿಸುತ್ತದೆ. ದೀಪಗಳಿಗೆ 16 ಗೇಜ್ ಧಾರಾಳವಾಗಿ ಸಾಕು, ಬ್ರೇಕಿಗೆ ಸಾಲದು. ಅಗ್ಗದ ಟ್ರೇಲರುಗಳಲ್ಲಿ ತಯಾರಕರೇ ಸಣ್ಣ ವೈರ್ ಹಾಕಿರುವುದನ್ನು ನೋಡಿದ್ದೇನೆ. ವೈರಿನ ಮೇಲ್ಮೈಯನ್ನು ಒಂದು ಲೋಹದ ಪಟ್ಟಿಯಿಂದ ಚುಚ್ಚಿ ಇನ್ನೊಂದಕ್ಕೆ ಕೂಡಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನಂತೂ ಗಾಡಿಯ ಕೆಳಗೆ ಎಲ್ಲಿ ಕಂಡರೂ ತೆಗೆದುಹಾಕಬೇಕು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿನ ನೀರು ಚುಚ್ಚಿದ ಜಾಗದಿಂದ ಒಳಗೆ ಹೋಗಿ ತಾಮ್ರವನ್ನು ಹಸಿರು ಪುಡಿ ಮಾಡುತ್ತದೆ. ಒಳಗೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿದುಕೊಳ್ಳುವ ಹೊದಿಕೆಯ ಕ್ರಿಂಪ್ ಕನೆಕ್ಟರುಗಳು ಇದಕ್ಕೆ ಸರಿಯಾದ ಸಾಧನ. ಮ್ಯಾಗ್ನೆಟ್ಟಿನ ಎರಡೂ ವೈರುಗಳು ಒಂದೇ ಬಣ್ಣದವಾಗಿರುವುದನ್ನು ನೋಡಿ ಹಲವರು ಗೊಂದಲಕ್ಕೆ ಬೀಳುತ್ತಾರೆ. ಅದರಲ್ಲಿ ಪ್ಲಸ್ಸು ಮೈನಸ್ಸು ಎಂಬುದಿಲ್ಲ, ಯಾವುದಾದರೂ ಒಂದನ್ನು ನೀಲಿಗೆ, ಇನ್ನೊಂದನ್ನು ಅರ್ಥಿಂಗಿನ ಬಿಳಿ ವೈರಿಗೆ ಸೇರಿಸಿದರೆ ಆಯಿತು.

ಟ್ರೇಲರಿನ ವೈರುಗಳನ್ನು ಪಿಕಪ್ಪಿಗೆ ಸೇರಿಸುವ ಏಳು ಪಿನ್ನಿನ ಪ್ಲಗ್ಗಿನಲ್ಲಿ ನೀಲಿ ಬ್ರೇಕಿನದು, ಬಿಳಿ ಅರ್ಥಿಂಗಿನದು, ಕಪ್ಪು ಪಿಕಪ್ಪಿನ ಬ್ಯಾಟರಿಯಿಂದ ಬರುವ 12 ವೋಲ್ಟಿನದು. ಕಂದು, ಹಳದಿ, ಹಸಿರು ದೀಪಗಳಿಗೆ, ನಡುವಿನದು ರಿವರ್ಸಿಗೆ. ಬಣ್ಣ ಹೀಗಿರಬೇಕೆಂದು ರೂಢಿಯಿದೆ, ಆದರೆ ಎಲ್ಲ ತಯಾರಕರೂ ಅದನ್ನು ಪಾಲಿಸುವುದಿಲ್ಲ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಟ್ರೇಲರಿನಲ್ಲಿ ಬಣ್ಣವನ್ನು ನಂಬದೆ ಪಿನ್ನಿನ ಸ್ಥಾನವನ್ನು ನೋಡುವುದು ಕ್ಷೇಮ. ಬಿಳಿ ವೈರಿನ ಬಗ್ಗೆ ಒಂದು ಮಾತು. ಅದು ಬಿಟ್ಟುಹೋಗಿದ್ದರೂ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸುವ ಹಿಚ್ಚಿನ ಗೋಲಿಯ ಮೂಲಕ ಲೋಹಕ್ಕೆ ಲೋಹ ತಗಲಿ ಅಷ್ಟಿಷ್ಟು ಕರೆಂಟ್ ಮರಳುತ್ತದೆ, ದೀಪಗಳು ಮಂಕಾಗಿಯಾದರೂ ಉರಿಯುತ್ತವೆ. ಗೋಲಿಗೆ ಗ್ರೀಸ್ ಸವರಿದ್ದರೆ ಅದೂ ಇಲ್ಲ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ದೀಪಗಳು ವಿಚಿತ್ರವಾಗಿ ಮಿನುಗಿದರೆ ಬಿಳಿ ವೈರನ್ನೇ ಮೊದಲು ನೋಡಿ.

ಬ್ರೇಕ್‌ಅವೇ ಸ್ವಿಚ್ಚನ್ನು ಮರೆಯುವವರೇ ಹೆಚ್ಚು. ಟ್ರೇಲರ್ ಕಳಚಿಕೊಂಡರೆ ಒಂದು ಸಣ್ಣ ಉಕ್ಕಿನ ಹಗ್ಗ ಸ್ವಿಚ್ಚಿನಿಂದ ಪಿನ್ನನ್ನು ಕೀಳುತ್ತದೆ, ಟ್ರೇಲರಿನದೇ ಬ್ಯಾಟರಿ ನಾಲ್ಕೂ ಮ್ಯಾಗ್ನೆಟ್ಟಿಗೆ ಪೂರ್ತಿ 12 ವೋಲ್ಟ್ ಕೊಟ್ಟು ಚಕ್ರಗಳನ್ನು ಹಿಡಿಯುತ್ತದೆ. ಇಲ್ಲಿನ ವಾಣಿಜ್ಯ ವಾಹನಗಳ ನಿಯಮದ ಪ್ರಕಾರ ಹಾಗೆ ಹಿಡಿದ ಬ್ರೇಕ್ 15 ನಿಮಿಷ ಬಿಡಬಾರದು, ಬ್ಯಾಟರಿಗೆ ಅಷ್ಟು ತಾಕತ್ತಿರಬೇಕು. ಆ ಹಗ್ಗವನ್ನು ಸೇಫ್ಟಿ ಚೈನಿಗೆ ಸಿಕ್ಕಿಸಬಾರದು, ಪಿಕಪ್ಪಿನ ಚೌಕಟ್ಟಿಗೇ ಕಟ್ಟಬೇಕು. ಪರೀಕ್ಷಿಸುವಾಗ ಏಳು ಪಿನ್ನಿನ ಪ್ಲಗ್ಗನ್ನು ಮೊದಲು ಬಿಡಿಸಬೇಕು, ಇಲ್ಲದಿದ್ದರೆ ಟ್ರೇಲರಿನ ಬ್ಯಾಟರಿಯ ವೋಲ್ಟೇಜ್ ನೀಲಿ ವೈರಿನಲ್ಲಿ ಹಿಮ್ಮುಖವಾಗಿ ಹೋಗಿ ಕಂಟ್ರೋಲರನ್ನು ಸುಡಬಹುದು. ಪಿನ್ ಎಳೆದು ಪಾರ್ಕಿಂಗ್ ಬ್ರೇಕಿನಂತೆ ಬಳಸುವವರನ್ನೂ ಕಂಡಿದ್ದೇನೆ. ಬ್ಯಾಟರಿ ಖಾಲಿಯಾಗುವುದರ ಜೊತೆಗೆ ಮ್ಯಾಗ್ನೆಟ್ಟಿನ ಸುರುಳಿಯೂ ಬಿಸಿಯಾಗಿ ಕೆಡುತ್ತದೆ. ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡುಗಳಿವೆ.

ಇನ್ನು ಬೇರಿಂಗ್. ಟ್ರೇಲರಿನ ಹಬ್ಬಿನಲ್ಲಿರುವುದು ಟೇಪರ್ ರೋಲರ್ ಬೇರಿಂಗ್, ಒಳಗೊಂದು ಹೊರಗೊಂದು. ಊರಿನ ಮೆಕ್ಯಾನಿಕ್ಕುಗಳು ಇಂದಿಗೂ ಟಿಮ್ಕೆನ್ ಎಂದು ಕರೆಯುವ ಈ ಬಗೆಯ ಬೇರಿಂಗಿಗೆ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದದ್ದು ಸಾರೋಟು ಬಂಡಿಗಳ ಅಚ್ಚಿಗಾಗಿ. ತಿರುವಿನಲ್ಲಿ ಬಂಡಿಯ ಭಾರ ಪಕ್ಕಕ್ಕೂ ದಬ್ಬುವುದರಿಂದ, ಕೆಳಗಿನ ಭಾರವನ್ನೂ ಪಕ್ಕದ ಭಾರವನ್ನೂ ಒಟ್ಟಿಗೆ ತಡೆಯಬಲ್ಲ ಓರೆ ರೋಲರುಗಳು ಬೇಕಾದವು. ಟ್ರೇಲರಿನ ಅಚ್ಚು ಆ ಬಂಡಿಯ ಅಚ್ಚಿನಿಂದ ಹೆಚ್ಚು ದೂರ ಬಂದಿಲ್ಲ. 3,500 ಪೌಂಡಿನ ಆಕ್ಸಲ್‌ಗಳಲ್ಲಿ ಬಹುಪಾಲಿಗೆ ಒಳಗೆ ಎಲ್68149, ಹೊರಗೆ ಎಲ್44649 ಎಂಬ ಸಂಖ್ಯೆಯ ಕೋನ್ (ರೋಲರುಗಳಿರುವ ಒಳಭಾಗ) ಇರುತ್ತದೆ. ಆದರೂ ಕೊಳ್ಳುವ ಮುಂಚೆ ಹಳೆಯದರ ಮೇಲೆ ಕೆತ್ತಿರುವ ಸಂಖ್ಯೆಯನ್ನು ಓದಿಕೊಳ್ಳಬೇಕು, ಏಕೆಂದರೆ ಬೇರಿಂಗ್ ಕೂರುವ ಆಕ್ಸಲ್ ತುದಿಯಾದ ಸ್ಪಿಂಡಲ್ಲಿನಲ್ಲೂ ಬಗೆಗಳಿವೆ.

ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಆಗ, ಬೇರಿಂಗ್ ತೆಗೆದು ತೊಳೆದು ಹೊಸ ಗ್ರೀಸ್ ತುಂಬಬೇಕೆಂದು ತಯಾರಕರು ಹೇಳುತ್ತಾರೆ. ಜಾಕನ್ನು ಆಕ್ಸಲ್ ಕೊಳವೆಯ ಕೆಳಗೆ ಕೊಡಬಾರದು, ಅದು ಬಾಗಿದರೆ ಟಯರ್ ಒಂದೇ ಬದಿಗೆ ಸವೆಯುತ್ತದೆ. ಚೌಕಟ್ಟಿಗೆ ಕೊಟ್ಟು, ಸ್ಟ್ಯಾಂಡ್ ಇಟ್ಟು, ಎದುರು ಬದಿಯ ಚಕ್ರಗಳಿಗೆ ಅಡ್ಡ ಕೊಟ್ಟ ಮೇಲೆಯೇ ಕೆಲಸ ಶುರು. ಡಸ್ಟ್ ಕ್ಯಾಪ್ ತೆಗೆದು, ನಟ್ ತಿರುಗದಂತೆ ತಡೆಯುವ ಕಾಟರ್ ಪಿನ್ ಎಳೆದು, ನಟ್ ಬಿಚ್ಚಿ ಡ್ರಮ್ಮನ್ನು ಸ್ವಲ್ಪ ಹೊರಗೆಳೆದರೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಡ್ರಮ್ ಪೂರ್ತಿ ಈಚೆಗೆ ಬಂದ ಮೇಲೆ ಹಿಂಬದಿಯ ಆಯಿಲ್ ಸೀಲನ್ನು ಕೀಳಬೇಕು. ಕಿತ್ತ ಸೀಲನ್ನು ಮತ್ತೆ ಹಾಕುವುದಿಲ್ಲ.

ಹಳೆಯ ಗ್ರೀಸನ್ನು ಒರೆಸುವ ಮೊದಲು ಎರಡು ಬೆರಳಿನ ನಡುವೆ ಉಜ್ಜಿ ನೋಡುವುದು ನನ್ನ ಅಭ್ಯಾಸ. ಮೂಲ ಬಣ್ಣ ಮಾಸಿ ಕಂದಾಗಿದ್ದರೆ ಅದು ಸಹಜ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಿಸಿಲಿಗೆ ಹಿಡಿದಾಗ ಸಣ್ಣ ಮಿನುಗು ಕಂಡರೆ ಅದು ಲೋಹದ ಪುಡಿ, ಬೇರಿಂಗ್ ಸವೆಯುತ್ತಿದೆ ಎಂದರ್ಥ. ಆಮೇಲೆ ಸೀಮೆಎಣ್ಣೆಯಲ್ಲಿ ರೋಲರುಗಳನ್ನು ಚೊಕ್ಕವಾಗಿ ತೊಳೆದು ಒಣಗಲು ಬಿಡಬೇಕು. ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಗಿರಗಿರನೆ ತಿರುಗಿಸುವುದು ಅಪಾಯಕಾರಿ ಆಟ. ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗಿದರೆ ರೋಲರುಗಳು ಗೀರಾಗುವುದಲ್ಲದೆ ಸಿಡಿದೂ ಹೋಗಬಹುದು. ಒಣಗಿದ ಮೇಲೆ ಬೆಳಕಿನಲ್ಲಿ ಒಂದೊಂದೇ ರೋಲರ್ ನೋಡುತ್ತಾ ಬರಬೇಕು. ನೀಲಿ ಅಥವಾ ಒಣಹುಲ್ಲಿನ ಬಣ್ಣದ ಛಾಯೆ ಇದ್ದರೆ ಅತಿಯಾಗಿ ಕಾದಿದೆ. ಹಬ್ಬಿನಲ್ಲಿ ಕುಳಿತಿರುವ ಕಪ್ಪಿನ (ರೋಲರುಗಳು ಉರುಳುವ ಹೊರ ಬಳೆ, cup) ಮೇಲೆ ಉಗುರು ಆಡಿಸಿದಾಗ ಸಣ್ಣ ಗುಳಿ ತಡೆದರೆ ಮೇಲ್ಪದರ ಕಿತ್ತುಬರುತ್ತಿದೆ. ಸಮ ಅಂತರದಲ್ಲಿ ರೋಲರಿನ ಅಚ್ಚು ಬಿದ್ದಿದ್ದರೆ ಎಲ್ಲೋ ಜೋರಾಗಿ ಗುಂಡಿಗೆ ಬಡಿದಿದೆ. ಇವುಗಳಲ್ಲಿ ಯಾವುದೊಂದು ಕಂಡರೂ ಕೋನು ಮತ್ತು ಕಪ್ಪು ಎರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಹಳೆಯ ಕಪ್ಪಿಗೆ ಹೊಸ ಕೋನು ಕೂಡಿಸುವುದು ದುಡ್ಡು ಉಳಿಸಿದ ಹಾಗೆ ಕಾಣುತ್ತದೆ ಅಷ್ಟೆ. ಹೊಸ ಕಪ್ಪನ್ನು ಹಿತ್ತಾಳೆಯ ತುಂಡಿನಿಂದ ಸುತ್ತಲೂ ಸಮನಾಗಿ ಬಡಿದು ಕೂರಿಸುವಾಗ ತಳ ಮುಟ್ಟಿದೊಡನೆ ಸದ್ದು ಬದಲಾಗುತ್ತದೆ.

ಗ್ರೀಸ್ ತುಂಬುವುದಕ್ಕೆ ಯಂತ್ರಗಳಿವೆ, ಕೈಯೇ ಮೇಲು. ಲಿಥಿಯಂ ಕಾಂಪ್ಲೆಕ್ಸ್, ಗಟ್ಟಿತನದ ಅಳತೆಯಲ್ಲಿ 2ನೇ ಸಂಖ್ಯೆಯ ಗ್ರೀಸನ್ನು ಎಡ ಅಂಗೈಯಲ್ಲಿ ನಿಂಬೆಗಾತ್ರ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗಿನ ಅಗಲ ತುದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ಗ್ರೀಸ್ ರೋಲರುಗಳ ನಡುವೆ ನುಗ್ಗಿ, ಎದುರು ಬದಿಯಲ್ಲಿ ಶಾವಿಗೆಯಂತೆ ಎಳೆಯೆಳೆಯಾಗಿ ಹೊರಬಂದಾಗ ಆ ಭಾಗ ತುಂಬಿತೆಂದು ತಿಳಿದು ಬೇರಿಂಗನ್ನು ಸ್ವಲ್ಪ ತಿರುಗಿಸಿ ಮುಂದುವರಿಸಬೇಕು. ಹೊರಗೆ ಸವರಿ ಬಿಟ್ಟರೆ ಒಳಗೆ ಗಾಳಿಯೇ ಇರುತ್ತದೆ. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು, ಕೆಲವು ಒಂದಕ್ಕೊಂದು ಸೇರಿದಾಗ ತೆಳ್ಳಗಾಗಿ ಹರಿದುಹೋಗುತ್ತವೆ.

ಈಗಿನ ಹಲವು ಆಕ್ಸಲ್‌ಗಳಲ್ಲಿ ಸ್ಪಿಂಡಲ್ಲಿನ ತುದಿಗೆ ಗ್ರೀಸ್ ನಿಪ್ಪಲ್ ಇರುತ್ತದೆ. ರಬ್ಬರ್ ಮುಚ್ಚಳ ತೆಗೆದು ಗ್ರೀಸ್ ಗನ್ನಿನಿಂದ ಒತ್ತಿದರೆ ಗ್ರೀಸ್ ಸ್ಪಿಂಡಲ್ಲಿನೊಳಗಿನ ತೂತಿನಿಂದ ಹಿಂದಕ್ಕೆ ಹೋಗಿ, ಒಳ ಬೇರಿಂಗನ್ನು ದಾಟಿ, ಹೊರ ಬೇರಿಂಗಿನ ಮೂಲಕ ಮುಂದಕ್ಕೆ ಬರುತ್ತದೆ. ವ್ಯವಸ್ಥೆ ಒಳ್ಳೆಯದೇ, ಚಕ್ರವನ್ನು ಎತ್ತಿ ತಿರುಗಿಸುತ್ತಾ ನಿಧಾನವಾಗಿ ಒತ್ತಿದರೆ. ನಾನು ಕೊಂಡ ಟ್ರೇಲರಿನ ಜೊತೆಗೆ ಹಿಂದಿನ ಮಾಲೀಕರು ಪ್ರತಿ ವರ್ಷದ ಸರ್ವೀಸ್ ರಶೀದಿಗಳನ್ನು ಜೋಪಾನವಾಗಿಟ್ಟು ಕೊಟ್ಟಿದ್ದರು, ಎಲ್ಲದರಲ್ಲೂ ಬೇರಿಂಗ್ ಸರ್ವೀಸ್ ಆಯಿತೆಂದು ಬರೆದಿತ್ತು. ಡ್ರಮ್ ಬಿಚ್ಚಿ ನೋಡಿದರೆ ಸೀಲ್ ಬಾಯಿ ಬಿಟ್ಟಿತ್ತು, ಶೂ, ಮ್ಯಾಗ್ನೆಟ್, ಸ್ಪ್ರಿಂಗುಗಳೆಲ್ಲ ಗ್ರೀಸಿನಲ್ಲಿ ಮುಳುಗಿದ್ದವು. ಆ ಅಂಗಡಿಯವರು ವರ್ಷ ವರ್ಷವೂ ಗನ್ ಹಚ್ಚಿ ನಾಲ್ಕು ಒತ್ತು ಒತ್ತಿದ್ದನ್ನೇ ಸರ್ವೀಸ್ ಎಂದು ಬರೆದಿದ್ದರು; ಡ್ರಮ್ಮನ್ನು ಒಮ್ಮೆಯೂ ತೆಗೆದ ಹಾಗಿರಲಿಲ್ಲ. ಬೇರಿಂಗುಗಳು ಮಾತ್ರ ಬಹಳ ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳಬೇಕು. ಗ್ರೀಸ್ ಹೀರಿದ ಲೈನಿಂಗನ್ನು ಯಾವ ಬ್ರೇಕ್ ಕ್ಲೀನರ್ ಹಾಕಿ ತೊಳೆದರೂ ಮೊದಲ ಬಿಸಿಗೇ ಮತ್ತೆ ಜಿನುಗುತ್ತದೆ. ಅದನ್ನು ಬಿಸಾಡಲೇಬೇಕು.

ಬಿಸಾಡುವ ಹಂತಕ್ಕೆ ಬಂದರೆ ಶೂ ಬೇರೆ, ಮ್ಯಾಗ್ನೆಟ್ ಬೇರೆ ಎಂದು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಬ್ಯಾಕಿಂಗ್ ಪ್ಲೇಟ್ ಸಮೇತ ಇಡೀ ಜೋಡಣೆಯನ್ನೇ ತರುವುದು ಲಾಭ. 10 ಇಂಚಿನದಕ್ಕೆ ನಾಲ್ಕು ಬೋಲ್ಟ್ ಮತ್ತು ಎರಡು ವೈರ್, ಕೆಲಸ ಮುಗಿಯಿತು. ಇನ್ನೂ ಬಾಳಿಕೆ ಬರುವಂತಿದ್ದರೆ ಮ್ಯಾಗ್ನೆಟ್ಟಿನ ಮುಖವನ್ನು ನೋಡಿ. ಒಂದು ಬದಿಗೆ ಓರೆಯಾಗಿ ಸವೆದಿದ್ದರೆ ಲಿವರ್ ಬಾಗಿದೆ ಅಥವಾ ಅದರ ಕೀಲು ಸಡಿಲಾಗಿದೆ, ಹೊಸ ಮ್ಯಾಗ್ನೆಟ್ ಹಾಕಿದರೂ ಅದೇ ಕಥೆ. ಸುರುಳಿಯ ತಾಮ್ರ ಕಾಣುವಷ್ಟು ಸವೆದಿದ್ದರೆ ಮಾತೇ ಬೇಡ. ಶೂವಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ.

ಮರಳಿ ಜೋಡಿಸುವಾಗ ಹೆಚ್ಚು ಜನ ಎಡವುವುದು ನಟ್ಟಿನಲ್ಲಿ. ಬಲವಾಗಿ ಬಿಗಿದರೆ ಭದ್ರ ಎಂಬ ಭಾವನೆ ಇಲ್ಲಿ ಬೇರಿಂಗನ್ನು ಸುಡುತ್ತದೆ. ಡ್ರಮ್ಮನ್ನು ತಿರುಗಿಸುತ್ತಾ ಸುಮಾರು 50 ಪೌಂಡ್-ಅಡಿ, ಎಂದರೆ 68 ನ್ಯೂಟನ್-ಮೀಟರ್ ಟಾರ್ಕಿಗೆ ಒಮ್ಮೆ ಬಿಗಿಯಬೇಕು; ರೋಲರುಗಳು ಸ್ವಸ್ಥಾನದಲ್ಲಿ ಕೂರಲು ಇದು. ಆಮೇಲೆ ಡ್ರಮ್ಮನ್ನು ಅಲುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬರಿಗೈಯಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೆ ನಿಲ್ಲಿಸಬೇಕು. ಕಾಟರ್ ಪಿನ್ನಿನ ತೂತು ಹೊಂದದಿದ್ದರೆ ಹೊಂದುವವರೆಗೆ ಹಿಂದಕ್ಕೆ ತಿರುಗಿಸಬೇಕು, ಮುಂದಕ್ಕಲ್ಲ. ಪಿನ್ ಹಾಕಿದ ಮೇಲೂ ನಟ್ ಬೆರಳಿನಲ್ಲಿ ಕೊಂಚ ಅಲುಗಾಡುತ್ತಿರಬೇಕು. ಚಕ್ರ ಕೂರಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕೈಗೆ ತಿಳಿದೂ ತಿಳಿಯದಷ್ಟು ಪ್ಲೇ (ಸಡಿಲು) ಇದ್ದರೆ ಸರಿ, ಟಕಟಕ ಎಂದರೆ ಹೆಚ್ಚಾಯಿತು.

ಶೂಗಳ ಅಡ್ಜಸ್ಟ್‌ಮೆಂಟಿಗೆ ಬ್ಯಾಕಿಂಗ್ ಪ್ಲೇಟಿನ ಕೆಳಗಿನ ಸೀಳಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಹಲ್ಲಿನ ಚಕ್ರವನ್ನು, ಟಯರ್ ತಿರುಗಿಸಲು ಕಷ್ಟವಾಗುವವರೆಗೆ ಬಿಗಿದು, ಹತ್ತು ಹಲ್ಲಿನಷ್ಟು ಹಿಂದೆ ಬಂದು, ಸಣ್ಣಗೆ ಉಜ್ಜುವ ಸದ್ದು ಮಾತ್ರ ಉಳಿಯುವಂತೆ ಬಿಡಬೇಕು. ಸ್ವಯಂ ಹೊಂದಿಕೆಯ ಬ್ರೇಕುಗಳೂ ಬಂದಿವೆ, ಅವನ್ನು ಮೊದಲ ಸಲ ಕೈಯಲ್ಲಿ ಹೊಂದಿಸಿದರೆ ಸಾಕು. ಹೊಸ ಶೂಗಳಾದರೆ 40 ಮೈಲಿ ವೇಗದಿಂದ 20ಕ್ಕೆ ಇಳಿಯುವಂತೆ ಇಪ್ಪತ್ತು ಮೂವತ್ತು ಬಾರಿ, ನಡುವೆ ತಣಿಯಲು ಬಿಡುವು ಕೊಟ್ಟು ಹಿಡಿದು ಪಳಗಿಸಬೇಕು. ಕಂಟ್ರೋಲರಿನ ಗೇನನ್ನು ಅದಾದ ಮೇಲೆಯೇ ಹೊಂದಿಸಬೇಕು: ಒಣಗಿದ ಸಮತಟ್ಟು ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ಕೈಪಿಡಿಕೆ ಒತ್ತಿದಾಗ ಟ್ರೇಲರಿನ ಚಕ್ರ ಲಾಕ್ ಆಗುವುದಕ್ಕೆ ತುಸು ಮುಂಚೆ ಎಲ್ಲಿ ನಿಲ್ಲುತ್ತದೋ ಅದೇ ಸರಿಯಾದ ಸ್ಥಾನ. ತೂಕ ಬದಲಾದರೆ ಅದೂ ಬದಲಾಗುತ್ತದೆ. ಖಾಲಿ ಟ್ರೇಲರಿಗೆ ತುಂಬಿದ ಟ್ರೇಲರಿನ ಗೇನ್ ಇಟ್ಟರೆ ಚಕ್ರ ಕಿರುಚುತ್ತದೆ.

ಕೆಲಸವಾದ ಮೇಲಿನ ಮೊದಲ ಪ್ರಯಾಣದಲ್ಲಿ ಇಳಿಜಾರು ಮುಗಿದ ಕಡೆ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಡ್ರಮ್ಮುಗಳಿಗೆ ಹಿಡಿದು ನೋಡಬೇಕು. ಇಷ್ಟೇ ಡಿಗ್ರಿ ಇರಬೇಕೆಂಬ ನಿಯಮವಿಲ್ಲ, ಹೋಲಿಕೆಯೇ ಮುಖ್ಯ: ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ಆ ಒಂದು ಬ್ರೇಕ್ ಹಿಡಿಯುತ್ತಿಲ್ಲ, ಒಂದೇ ವಿಪರೀತ ಬಿಸಿಯಿದ್ದರೆ ಶೂ ಬಿಡದೆ ಉಜ್ಜುತ್ತಿದೆ ಅಥವಾ ನಟ್ ಬಿಗಿಯಾಗಿದೆ. ಬ್ರೇಕ್ ಹೆಚ್ಚು ಹಿಡಿಯದ ಸಮತಟ್ಟು ರಸ್ತೆಯಲ್ಲಿ ಮತ್ತೊಮ್ಮೆ ನೋಡಿದರೆ ಬೇರಿಂಗಿನ ಬಿಸಿ ಮಾತ್ರ ಸಿಗುತ್ತದೆ. ಅದೇ ನಿಲುಗಡೆಯಲ್ಲಿ ಚಕ್ರದ ನಟ್ಟುಗಳಿಗೂ ಟಾರ್ಕ್ ರೆಂಚ್ ಹಾಕಬೇಕು. ಅರ್ಧ ಇಂಚಿನ ಸ್ಟಡ್ಡಿಗೆ 90ರಿಂದ 120 ಪೌಂಡ್-ಅಡಿ, ಎದುರುಬದುರಾಗಿ ಒಂದಾದ ಮೇಲೊಂದು; ಚಕ್ರ ಬಿಚ್ಚಿ ಹಾಕಿದ ನಂತರ 10, 25 ಮತ್ತು 50ನೇ ಮೈಲಿಯಲ್ಲಿ ಮೂರು ಸಲ ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಮೊದಲ ಸಲ ರೆಂಚ್ ಹಾಕಿದಾಗ ಒಂದೆರಡು ನಟ್ಟಾದರೂ ಕಾಲು ಸುತ್ತು ತಿರುಗುವುದು ಸಾಮಾನ್ಯ.